ಅಕ್ಷರ ಒಂದೇ, ಪಾರ್ಟು ಬೇರೆ

ನಾವು ಮೂವರು ದುಬೈಯಲ್ಲಿ ಒಂದೇ ರಿಪೇರಿ ಬೆಂಚಿನಲ್ಲಿ ಕೂರುವವರು. ಕಳೆದ ರಜೆಯಲ್ಲಿ ಕೌಲಾಲಂಪುರಕ್ಕೆ ಹೋದಾಗ ಉಳಿದದ್ದು ಬ್ರಿಕ್‌ಫೀಲ್ಡ್ಸ್‌ನಲ್ಲಿ. ಒಂದು ಕಾಲದಲ್ಲಿ ನಗರಕ್ಕೆ ಬೇಕಾದ ಇಟ್ಟಿಗೆಯನ್ನೆಲ್ಲ ಸುಟ್ಟುಕೊಟ್ಟ ಜಾಗವದು. ಈಗ ಹೂಮಾಲೆ, ಬಾಳೆಎಲೆ ಊಟ, ಕಿವಿತುಂಬ ತಮಿಳು. ಮಲೇಷ್ಯಾದ ಅಂಧರ ಸಂಘವೂ ಅಲ್ಲೇ ಇರುವುದರಿಂದ ಮಸಾಜ್ ಮಾಡಿ ಬದುಕುವ ಕಣ್ಣಿಲ್ಲದವರು ಆ ಬೀದಿಗಳಲ್ಲಿ ಬಹಳ.

ನಮ್ಮ ಪುತ್ತೂರಿನ ಗೆಳೆಯನ ಮೊಬೈಲ್ ರಿಪೇರಿ ಅಂಗಡಿಗೆ ಅಂಥವರೊಬ್ಬರು ಬಂದರು. ಕೈಯಲ್ಲಿ ಪುಟ್ಟ ರೆಕಾರ್ಡರ್. ಗಿರಾಕಿಗಳ ಫೋನ್ ನಂಬರುಗಳನ್ನೆಲ್ಲ ತಮ್ಮದೇ ದನಿಯಲ್ಲಿ ಅದರಲ್ಲಿ ತುಂಬಿಟ್ಟಿದ್ದಾರೆ. ಕೆಳಗೆ ಬಿದ್ದದ್ದೇ ಸದ್ದಿಲ್ಲ. ನಂಬರು ಹೋದರೆ ಗಿರಾಕಿಯೂ ಹೋದ ಹಾಗೆ.

ಬಿಚ್ಚಿದರೆ ಬೋರ್ಡಿನ ಮೇಲೆ ಬಿರುಕು ಬಿಟ್ಟ ಕಪ್ಪು ಚೌಕ, ಮೇಲೆ ‘4R7’ ಎಂಬ ಮುದ್ರೆ. ಪಕ್ಕದ ಗುರುತಿನ ಅಕ್ಷರ ಅಂಟಿನಡಿ ಮುಚ್ಚಿಹೋಗಿತ್ತು. ಗೆಳೆಯ ಆಗಲೇ 4.7 ಓಮ್ ರೆಸಿಸ್ಟರ್ ಹುಡುಕಿ ಇಟ್ಟಿದ್ದ. “ಆರ್ ಅಂದರೆ ಚುಕ್ಕೆ ಅಲ್ವಾ ಮಾರಾಯ್ರೆ?” ಅಂದ. ಹೌದು, ಚುಕ್ಕೆಯೇ. ಆದರೆ ಯಾವುದರ ಚುಕ್ಕೆ? ರೆಸಿಸ್ಟರ್ ಮೇಲೆ ಅದು 4.7 ಓಮ್, ಕಾಯಿಲ್ ಮೇಲೆ 4.7 ಮೈಕ್ರೊಹೆನ್ರಿ. ಮೂರು ಕಾಲಿನ ಪಾರ್ಟುಗಳಲ್ಲಂತೂ ಈ ಗೊಂದಲ ಇನ್ನೂ ಹೆಚ್ಚು. ‘A1’ ಎಂದಿದ್ದರೆ ಅದು ಬಿಎಡಬ್ಲ್ಯು56 ಎಂಬ ಜೋಡಿ ಡಯೋಡ್ ಆಗಿರಬಹುದು. ಮುಂದೆ ಇನ್ನು ಮೂರಕ್ಷರ ಅಳಿಸಿಹೋಗಿದ್ದರೆ ‘A1SHB’ ಎಂಬ ಮಾಸ್‌ಫೆಟ್ಟೂ ಆಗಿರಬಹುದು. ಇನ್ನು ಕಂದು ಬಣ್ಣದ ಸಣ್ಣ ಕೆಪಾಸಿಟರುಗಳ ಮೇಲೆ ಏನೂ ಬರೆದಿರುವುದೇ ಇಲ್ಲ, ಕಿತ್ತು ಅಳೆಯಬೇಕು.

ಬ್ಯಾಟರಿ ತೆಗೆದು ಮೀಟರ್ ಇಟ್ಟೆವು. ಪಾರ್ಟು ಪೂರ್ತಿ ಓಪನ್, ಆದ್ದರಿಂದ ಅದರಿಂದ ಏನೂ ತಿಳಿಯಲಿಲ್ಲ. ಬೋರ್ಡಿನ ಗೆರೆಗಳನ್ನು ಹಿಡಿದು ಹೋದೆವು. ಒಂದು ತುದಿ ನೇರ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಐದು ಕಾಲಿನ ಐಸಿಗೂ ಒಂದು ಡಯೋಡಿಗೂ. 3.7 ವೋಲ್ಟನ್ನು 5ಕ್ಕೆ ಏರಿಸುವ ಸರ್ಕ್ಯೂಟಿನ ಲಕ್ಷಣ ಇದೇ, ಅಲ್ಲಿ ಕೂರಬೇಕಾದ್ದು ಕಾಯಿಲ್. ಭೂತಗನ್ನಡಿ ಹಿಡಿದಾಗ ಬಿರುಕಿನೊಳಗೆ ತಾಮ್ರದ ಎಳೆ ಮಿನುಗಿತು. ಇದನ್ನೇ ಮೊದಲು ನೋಡಬೇಕಿತ್ತು, ನಮ್ಮ ಬುದ್ಧಿ!

ರೆಸಿಸ್ಟರ್ ಹಾಕಿದ್ದರೆ? ಐಸಿಯೊಳಗಿನ ಸ್ವಿಚ್ ಆನ್ ಆದಾಗಲೆಲ್ಲ ಸುಮಾರು 0.8 ಆಂಪಿಯರ್ ಹರಿದು, ಅಕ್ಕಿಕಾಳಿನಷ್ಟು ವಸ್ತುವಿನಲ್ಲಿ ಹತ್ತಿರ ಹತ್ತಿರ 3 ವ್ಯಾಟ್ ಬಿಸಿ. ಪಕ್ಕದಲ್ಲೇ ಲಿಥಿಯಂ ಬ್ಯಾಟರಿ. ಕ್ಯಾಂಪಿನ ರೂಮಿನಲ್ಲಿ ಪವರ್ ಬ್ಯಾಂಕ್ ಬಿಚ್ಚಿ ಕೂರುವ ನಮ್ಮ ಹುಡುಗರು ಇದೊಂದನ್ನು ನೆನಪಿಡಲಿ: ಮುದ್ರೆ ಓದುವ ಮೊದಲು ಗೆರೆ ಓದಿ.

ಗುಜರಿ ಬೋರ್ಡಿನಿಂದ ಅದೇ ಮುದ್ರೆಯ, ಅಷ್ಟೇ ದಪ್ಪದ ಕಾಯಿಲ್ ಕಿತ್ತು ಬೆಸೆದೆವು. ದಪ್ಪ ಕಡಿಮೆಯಾದರೆ ಅಷ್ಟು ಕರೆಂಟ್ ತಡೆಯುವುದಿಲ್ಲ. ಬಟನ್ ಒತ್ತಿದಾಗ ಅವರದೇ ದನಿ ತಮಿಳಿನಲ್ಲಿ ನಂಬರು ಹೇಳತೊಡಗಿತು. ಅವರು ಕೊನೆಯವರೆಗೂ ಕೇಳಿಸಿಕೊಂಡರು, ಒಂದೂ ತಪ್ಪಿರಲಿಲ್ಲ.

ನಾವು ದುಡ್ಡು ಬೇಡವೆಂದೆವು. “ಬಗ್ಗಿ ಕೆಲಸ ಮಾಡುವವರು ನೀವು, ಕುತ್ತಿಗೆ ಹಿಡಿದಿರುತ್ತದೆ” ಎಂದು ಸ್ಟೂಲ್ ಎಳೆಸಿ, ಮೂವರನ್ನೂ ಸರದಿಯಲ್ಲಿ ಕೂರಿಸಿದರು.