ಒಂದೇ ಆವರಣ, ಎರಡು ಶಾಲೆ

ಶಾಲೆಗೆ ಎರಡು ಗೇಟು. ದೊಡ್ಡ ರಸ್ತೆಯ ಗೇಟಿನ ಮುಂದೆ ಹಳದಿ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. ಹಿಂಬದಿಯ ಗೇಟಿಗೆ ಅಕ್ಕಪಕ್ಕದ ಬೀದಿಗಳ ಮಕ್ಕಳು ನಡೆದು ಬರುತ್ತಿದ್ದರು. ಒಬ್ಬ ಹುಡುಗ ಪುಟ್ಟ ತಂಗಿಯನ್ನು ಎದುರಿನ ಪ್ರಾಥಮಿಕ ಶಾಲೆಯ ಬಾಗಿಲಿಗೆ ಬಿಟ್ಟು, ಆಕೆ ಒಳಗೆ ಹೋದದ್ದನ್ನು ನೋಡಿಕೊಂಡು, ರಸ್ತೆ ದಾಟಿ ಓಡಿಬಂದ. ಬಸ್ಸಿನಿಂದ ಇಳಿದವರ ಕೊರಳಲ್ಲಿ ಹಸಿರು ಟ್ಯಾಗಿನ ಐಡಿ ಕಾರ್ಡು, ನಡೆದು ಬಂದವರಲ್ಲಿ ಹೆಚ್ಚಿನವರದು ನೀಲಿ. ಎರಡೂ ಗೇಟುಗಳು ತೆರೆದುಕೊಳ್ಳುವುದು ಒಂದೇ ಅಂಗಳಕ್ಕೆ.

ಇದು ಲಾಸ್ ಏಂಜಲೀಸ್ ನಗರದ ಒಂದು ಸರ್ಕಾರಿ ಹೈಸ್ಕೂಲು. ಇದರ ಆವರಣದಲ್ಲೇ ವಿಜ್ಞಾನ–ತಂತ್ರಜ್ಞಾನದ ಒಂದು ಮ್ಯಾಗ್ನೆಟ್ ಅಕಾಡೆಮಿಯೂ ಇದೆ. ಹಸಿರು ಟ್ಯಾಗು ಅಕಾಡೆಮಿಯವರದು, ನೀಲಿ ಹೈಸ್ಕೂಲಿನವರದು. ಅಮೆರಿಕದಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ತೀರ್ಮಾನಿಸುತ್ತದೆ. ಮ್ಯಾಗ್ನೆಟ್ ಶಾಲೆಗೆ ಆ ಗಡಿಯಿಲ್ಲ. ವಿಜ್ಞಾನವೋ ಸಂಗೀತವೋ ಭಾಷೆಯೋ, ಏನಾದರೊಂದು ವಿಶೇಷವನ್ನು ಮುಂದಿಟ್ಟು ಊರಿನ ಮೂಲೆಮೂಲೆಯ ಮಕ್ಕಳನ್ನು ಅದು ಸೆಳೆಯುತ್ತದೆ. ಅಲ್ಲೇ ನೆಲೆಸಿರುವ ನನ್ನ ತಂಗಿಯ ಮಗಳು ಈಗ ಎಂಟನೇ ತರಗತಿ. ಶರತ್ಕಾಲ ಬಂತೆಂದರೆ ಮುಂದಿನ ವರ್ಷದ ಅರ್ಜಿಯ ಸಮಯ. ಆಗ ಪೋಷಕರನ್ನು ಕರೆದು ಶಾಲೆ ತೋರಿಸುತ್ತಾರೆ. ತಂಗಿ ಮತ್ತು ಅವಳ ಮಗಳ ಜೊತೆ ನಾನೂ ಹೊರಟೆ.

ಆಫೀಸಿನಲ್ಲಿ ಹೆಸರು ಬರೆದು, ಅಂಗಿಗೆ ಅಂಟಿಸಿಕೊಳ್ಳುವ ಚೀಟಿ ಪಡೆದು ಒಳಗೆ ಬಂದಾಗ ಬೆಲ್ ಹೊಡೆಯಿತು. ಗಂಟೆ ಎಂಟೂವರೆ. ಹೈಸ್ಕೂಲುಗಳು 8:30ಕ್ಕಿಂತ ಮೊದಲು ಶುರುವಾಗಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಇದೆ. ಹದಿಹರೆಯದವರಿಗೆ ನಿದ್ದೆ ಸಾಲಬೇಕೆಂಬುದು ಅದರ ಉದ್ದೇಶ. ಆದರೆ ಎಂಟೂವರೆಗೆ ಇಲ್ಲಿರಬೇಕಾದ ಬಸ್ಸು ಊರಿನ ಆಚೆ ತುದಿಯಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಹಸಿರು ಟ್ಯಾಗಿನ ಒಬ್ಬಳು ಗೋಡೆಗೊರಗಿ ಆಕಳಿಸುತ್ತಿದ್ದಳು.

ಮುಖ್ಯ ಕಟ್ಟಡ 1930ರ ದಶಕದ್ದು. ದಪ್ಪ ಕಾಂಕ್ರೀಟ್ ಗೋಡೆ, ದುಂಡಗಿನ ಮೂಲೆಗಳು, ಅಲಂಕಾರ ಕಡಿಮೆ. ಅದಕ್ಕೆ ಕಾರಣವಿದೆ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಭೂಕಂಪದಲ್ಲಿ ಈ ಸೀಮೆಯ ಎಷ್ಟೋ ಶಾಲೆಗಳ ಇಟ್ಟಿಗೆ ಗೋಡೆಗಳು ಉರುಳಿಬಿದ್ದವು. ಮಕ್ಕಳು ಮನೆ ಸೇರಿಯಾಗಿತ್ತು. ಅದೇ ನಡುಹಗಲು ಆಗಿದ್ದರೆ ಎಂಬ ಭಯವೇ ಒಂದು ತಿಂಗಳೊಳಗೆ ಕಾನೂನಾಯಿತು: ಸರ್ಕಾರಿ ಶಾಲೆಯ ಕಟ್ಟಡ ಭೂಕಂಪವನ್ನು ತಡೆದುಕೊಳ್ಳುವಂತಿರಬೇಕು, ಅದರ ನಕ್ಷೆಗೆ ರಾಜ್ಯದ ಒಪ್ಪಿಗೆ ಬೇಕು. ಹಳೆಯ ಹೈಸ್ಕೂಲಿನ ತರಗತಿಗಳು ನಡೆಯುವುದು ಈ ಕಟ್ಟಡದಲ್ಲಿ. ಅಕಾಡೆಮಿಯದು ಅಂಗಳದ ಆಚೆಗಿರುವ ಗಾಜಿನ ಕಿಟಕಿಗಳ ಹೊಸ ಬ್ಲಾಕು.

ಕಾರಿಡಾರಿನ ಉದ್ದಕ್ಕೂ ಶಾಲೆ ಮುಗಿಸಿ ಹೋದವರ ಗುಂಪು ಫೋಟೋಗಳನ್ನು ತೂಗುಹಾಕಿದ್ದಾರೆ. ನಮ್ಮ ಗುಂಪು ಮುಂದೆ ಸಾಗಿದರೂ ನಾನು ಅಲ್ಲೇ ನಿಂತೆ. 1950ರ ದಶಕದ ಚಿತ್ರಗಳಲ್ಲಿ ಇರುವವರು ಬಹುತೇಕ ಬಿಳಿಯರು. ಎಪ್ಪತ್ತರ ದಶಕದಲ್ಲಿ ಮುಖಗಳು ಬದಲಾಗತೊಡಗುತ್ತವೆ. ಈಚಿನ ಚೌಕಟ್ಟುಗಳಿಗೆ ಬರುವಷ್ಟರಲ್ಲಿ ಊರೇ ಬೇರೆ ಎನಿಸುತ್ತದೆ.

ಮ್ಯಾಗ್ನೆಟ್ ಶಾಲೆಗಳ ಚರಿತ್ರೆ ಈ ಗೋಡೆಯ ಮೇಲೆಯೇ ಇದೆ. ಬಣ್ಣದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ದೇಶದ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ತೀರ್ಪು ಬಂದರೂ ಬಡಾವಣೆಗಳು ಬೆರೆಯಲಿಲ್ಲ. ಬಡಾವಣೆ ಬೆರೆಯದಿದ್ದರೆ ಶಾಲೆ ಬೆರೆಯುವುದಾದರೂ ಹೇಗೆ? ಲಾಸ್ ಏಂಜಲೀಸಿನಲ್ಲಿ 1963ರಲ್ಲಿ ಹೂಡಿದ ಒಂದು ದಾವೆ ವರ್ಷಗಟ್ಟಲೆ ನಡೆದು, ಕೊನೆಗೆ 1978ರಲ್ಲಿ ಮಕ್ಕಳನ್ನು ಕಡ್ಡಾಯವಾಗಿ ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವ ಏರ್ಪಾಡು ಶುರುವಾಯಿತು. ಪೋಷಕರ ವಿರೋಧ ಜೋರಾಯಿತು, ಮರುವರ್ಷ ರಾಜ್ಯದ ಮತದಾರರು ಅದರ ವಿರುದ್ಧ ಮತ ಹಾಕಿದರು, 1981ರಲ್ಲಿ ಕಡ್ಡಾಯ ಬಸ್ಸು ನಿಂತಿತು. ಉಳಿದುಕೊಂಡದ್ದು ಬಲವಂತವಿಲ್ಲದ ದಾರಿ. ಒಳ್ಳೆಯ ಶಾಲೆ ಕಟ್ಟೋಣ, ಬರುವವರು ತಾವಾಗಿಯೇ ಬರಲಿ ಎಂಬ ಮ್ಯಾಗ್ನೆಟ್ ದಾರಿ. ದೇಶದಲ್ಲಿ ಇಂಥ ಮೊದಲ ಪ್ರಯೋಗ 1968ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ನಡೆದಿತ್ತು. ಈ ನಗರದಲ್ಲಿ ಅದು 1977ರಲ್ಲಿ ಶುರುವಾಯಿತು.

ಅಂಗಳ ದಾಟಿ ಹೊಸ ಬ್ಲಾಕಿಗೆ ಹೋದೆವು. ನಡುವೆ ಬೇಲಿಯಿಲ್ಲ, ಕಾವಲಿಲ್ಲ. ಬಾಗಿಲುಗಳ ಬಣ್ಣ ಮಾತ್ರ ಬೇರೆ. ಒಂದು ಕೋಣೆಯಲ್ಲಿ ಕ್ಯಾಲ್ಕ್ಯುಲಸ್ ಪಾಠ ನಡೆಯುತ್ತಿತ್ತು. ಹಾಗೆ ನೋಡಿದರೆ ಮ್ಯಾಗ್ನೆಟ್ ತನ್ನ ಕೆಲಸ ಮಾಡಿದೆ ಎನ್ನಿಸಿತು: ಕೊರಿಯನ್, ಆರ್ಮೇನಿಯನ್, ಕರಿಯ, ಬಿಳಿಯ, ನಮ್ಮ ಕಡೆಯ ಮಕ್ಕಳು ಒಂದೇ ಬೋರ್ಡಿನ ಮುಂದೆ ಕೂತಿದ್ದರು. ಮುಖ ನೋಡಿ ಮೂಲ ಊಹಿಸುವುದರಲ್ಲಿ ತಪ್ಪಾಗುವ ಸಾಧ್ಯತೆ ಇದ್ದೇ ಇದೆ. ಆದರೂ ಮತ್ತೆ ಅಂಗಳ ದಾಟಿ ಹಳೆಯ ಕಟ್ಟಡದ ಗಣಿತದ ಕೋಣೆಯೊಳಗೆ ಇಣುಕಿದಾಗ ಕಂಡ ವ್ಯತ್ಯಾಸ ಎದ್ದು ಕಾಣುವಂತಿತ್ತು. ಅಲ್ಲಿ ಮಕ್ಕಳು ಪರಸ್ಪರ ಪಿಸುಗುಟ್ಟುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ನೀಲಿ ಟ್ಯಾಗುಗಳ ನಡುವೆ ಹಸಿರು ಒಂದೂ ಇರಲಿಲ್ಲ. ಊರಿನ ಮೂಲೆಮೂಲೆಯಿಂದ ಮಕ್ಕಳನ್ನು ಕರೆತಂದು, ಬಾಗಿಲವರೆಗೆ ಬೆರೆಸಿ, ಬಾಗಿಲ ಬಳಿ ಮತ್ತೆ ಬೇರೆ ಮಾಡಿದರೆ ಬಸ್ಸು ಓಡಿದ್ದಕ್ಕೆ ಅರ್ಥವೇನು? ಈ ಪ್ರಶ್ನೆ ಆ ನಡಿಗೆಯ ಉದ್ದಕ್ಕೂ ನನ್ನನ್ನು ಬಿಡಲಿಲ್ಲ.

ಗ್ರಂಥಾಲಯ, ಕಂಪ್ಯೂಟರ್ ಲ್ಯಾಬು, ರೋಬೋಟ್ ಕೋಣೆ ಚೆನ್ನಾಗಿವೆ. ಪೋಷಕರು ಫೋಟೋ ತೆಗೆದುಕೊಂಡರು. ನಾನು ಹೆಚ್ಚು ಹೊತ್ತು ಕಳೆದದ್ದು ಸಂಗೀತದ ಕೋಣೆಯಲ್ಲಿ.

ಇದು ಹೈಸ್ಕೂಲಿನ ಕೋಣೆ, ಅಕಾಡೆಮಿಯದಲ್ಲ. ಆದರೆ ಆರ್ಕೆಸ್ಟ್ರಾ ಇಬ್ಬರದೂ. ಗೋಡೆಯುದ್ದಕ್ಕೂ ಜಾಲರಿ ಬಾಗಿಲಿನ ಕಪಾಟುಗಳು, ಒಳಗೆ ಪಿಟೀಲು, ಚೆಲ್ಲೊ, ಟ್ರಂಪೆಟ್ಟುಗಳು. ಒಂದು ಚೆಲ್ಲೊ ಪೆಟ್ಟಿಗೆಯ ಮೇಲೆ ಎರಡು ಹೆಸರಿನ ಚೀಟಿ. ಶಾಲೆಯ ವಾದ್ಯವಾದ್ದರಿಂದ ಇಬ್ಬರು ಹಂಚಿಕೊಂಡು ನುಡಿಸುತ್ತಾರೆ: ಒಂದು ಪೀರಿಯಡ್ಡಿನಲ್ಲಿ ಒಬ್ಬಳು, ಇನ್ನೊಂದರಲ್ಲಿ ಇನ್ನೊಬ್ಬ. ಕಮಾನಿನ ಕೂದಲು ಸಡಿಲಿಸದೆ ಇಟ್ಟರೆ ಕೋಲು ಬಾಗಿಹೋಗುತ್ತದೆ. ಅದಕ್ಕೇ ಚೀಟಿಯ ಕೆಳಗೆ ‘ಕಮಾನು ಸಡಿಲಿಸಿ, ದಯವಿಟ್ಟು’ ಎಂದು ಪೆನ್ಸಿಲ್ಲಿನಲ್ಲಿ ಒಬ್ಬರು ಬರೆದಿದ್ದರು, ಪಕ್ಕದಲ್ಲಿ ‘ಸರಿ’ ಎಂದು ಬೇರೆ ಕೈಬರಹ. ನಮಗೆ ದಾರಿ ತೋರಿಸುತ್ತಿದ್ದ ಹನ್ನೊಂದನೇ ತರಗತಿಯ ಹುಡುಗಿಯನ್ನು ಕೇಳಿದೆ: ಇವರಿಬ್ಬರೂ ಒಂದೇ ಶಾಲೆಯವರಾ? ‘ಅಲ್ಲ, ಒಬ್ಬಳು ಮ್ಯಾಗ್ನೆಟ್. ಆದರೆ ಇಲ್ಲಿ ಅದನ್ನೆಲ್ಲ ಯಾರೂ ಕೇಳುವುದಿಲ್ಲ’ ಎಂದಳು. ಇಲ್ಲಿ ಕೇಳುವುದಿಲ್ಲ ಎಂದರೆ, ಬೇರೆಡೆ ಕೇಳುತ್ತಾರೆ ಎಂದಾಯಿತಲ್ಲ.

ಪಕ್ಕದಲ್ಲೇ ಆಟೊ ಶಾಪು, ಅಂದರೆ ಕಾರು ರಿಪೇರಿ ಕಲಿಸುವ ಶೆಡ್ಡು. ಎಣ್ಣೆ ಮೆತ್ತಿದ ನೆಲ, ಎತ್ತಿಟ್ಟ ಬಾನೆಟ್ಟು. ಅಕಾಡೆಮಿಯ ಒಬ್ಬ ಹುಡುಗಿ ನೀಲಿ ಟ್ಯಾಗಿನ ಹುಡುಗನಿಂದ ಬ್ರೇಕ್ ಪ್ಯಾಡ್ ಬದಲಿಸುವುದನ್ನು ಕಲಿಯುತ್ತಿದ್ದಳು. ಅವನು ಮಾತಾಡದೆ ಕೈಯಲ್ಲೇ ತೋರಿಸುತ್ತಿದ್ದ. ಆ ಇಡೀ ಆವರಣದಲ್ಲಿ ಹೈಸ್ಕೂಲಿನವನು ಅಕಾಡೆಮಿಯವಳಿಗೆ ಗುರುವಾಗಿದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಗೈಡ್ ಹುಡುಗಿ ನಮ್ಮನ್ನು ಬೇಗ ಮುಂದಕ್ಕೆ ಕರೆದೊಯ್ದಳು. ಈ ಶೆಡ್ಡು ತೋರಿಸಬೇಕಾದ ಪಟ್ಟಿಯಲ್ಲಿ ಇರಲಿಲ್ಲವೇನೋ. ಇರಬೇಕಿತ್ತು.

ಊಟದ ಹೊತ್ತಿಗೆ ಅಂಗಳದ ಚಪ್ಪರದಡಿ ಒಂದೇ ಸಾಲು. ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಉಚಿತ ತಿಂಡಿ, ಊಟ ಕೊಡುವ ಏರ್ಪಾಡನ್ನು ಕ್ಯಾಲಿಫೋರ್ನಿಯಾ 2022ರಲ್ಲಿ ಜಾರಿಗೆ ತಂದಿತು. ಅದಕ್ಕೆ ಮೊದಲು ಉಚಿತ ಊಟ ಸಾಮಾನ್ಯವಾಗಿ ಆದಾಯ ನೋಡಿ ಸಿಗುತ್ತಿತ್ತು. ಈಗ ತಟ್ಟೆ ನೋಡಿ ಯಾರ ಮನೆಯ ಸ್ಥಿತಿ ಏನೆಂದು ಹೇಳಲಾಗದು: ಎಲ್ಲರಿಗೂ ಬೀನ್ಸ್ ಬರಿಟೊ, ಒಂದು ಸೇಬು, ಹಾಲಿನ ಪೊಟ್ಟಣ. ಸಾಲಿನಲ್ಲಿ ನಿಂತ ಎಷ್ಟೋ ಮಕ್ಕಳು ಟ್ಯಾಗನ್ನು ಅಂಗಿಯೊಳಗೆ ತುರುಕಿಕೊಂಡಿದ್ದರು. ಊಟದಲ್ಲಿ ಅದ್ದೀತು ಎಂದಿರಬಹುದು, ಬೇರೆ ಕಾರಣವೂ ಇರಬಹುದು. ಮೇಜುಗಳಲ್ಲಿ ಮಾತ್ರ ಬಸ್ಸಿನವರು ಬಸ್ಸಿನವರ ಜೊತೆ, ಬೀದಿಯವರು ಬೀದಿಯವರ ಜೊತೆ. ಆರ್ಕೆಸ್ಟ್ರಾದವರ ಮೇಜು ಬೆರೆತಿತ್ತು. ವಾಲಿಬಾಲ್‌ನವರದೂ.

ಕೊನೆಗೆ ಅಕಾಡೆಮಿಯ ಆಫೀಸು. ಪ್ರವೇಶದ ಅಂಕಗಳ ಚಾರ್ಟನ್ನು ಪರದೆಯ ಮೇಲೆ ಹಾಕಿದರು. ಪರೀಕ್ಷೆಯಿಲ್ಲ. ಒಂದು ಮ್ಯಾಗ್ನೆಟ್ ಶಾಲೆಯ ಕೊನೆಯ ತರಗತಿ ಮುಗಿಸಿ ಬರುವವರಿಗೆ 12 ಅಂಕ. ಕಾಯುವ ಪಟ್ಟಿಯಲ್ಲಿ ಉಳಿದ ಒಂದೊಂದು ವರ್ಷಕ್ಕೆ 4, ಹೆಚ್ಚೆಂದರೆ 12. ಬಿಳಿಯರಲ್ಲದ ಮಕ್ಕಳೇ ಬಹುಪಾಲಿರುವ ಶಾಲೆಯ ವ್ಯಾಪ್ತಿಯವರಿಗೆ 4. ಮನೆ ಹತ್ತಿರದ ಶಾಲೆ ಕಿಕ್ಕಿರಿದಿದ್ದರೆ 4. ಅಣ್ಣನೋ ಅಕ್ಕನೋ ಅಲ್ಲಿ ಓದುತ್ತಿದ್ದರೆ 3. ಅಂಕ ಸಮವಾದರೆ ಲಾಟರಿ. ನ್ಯಾಯವಾಗಿಯೇ ಇದೆ ಎನಿಸಿತು. ಆದರೆ ಈ ಅಂಕಗಳು ಕೂಡುವುದು ವರ್ಷಗಳ ಮೇಲೆ. ಮಗು ಚಿಕ್ಕದಿರುವಾಗಲೇ ಲೆಕ್ಕ ಗೊತ್ತಿರುವ ತಾಯ್ತಂದೆಯರಿಗೆ ಅನುಕೂಲ. ಎರಡು ಕಡೆ ಕೆಲಸ ಮಾಡುವ, ಇಂಗ್ಲಿಷ್ ಅರ್ಜಿ ಓದಲು ತಡವರಿಸುವ ಮನೆಯವರಿಗೆ ಈ ಲೆಕ್ಕ ತಿಳಿಯುವುದು ಯಾವಾಗ? ಮನೆ ಶಾಲೆಯ ಗೋಡೆ ಪಕ್ಕದಲ್ಲಿದೆ ಎಂಬುದಕ್ಕೂ ಇಲ್ಲಿ ಅಂಕವಿಲ್ಲ. ಬೆಳಿಗ್ಗೆ ತಂಗಿಯನ್ನು ಬಿಟ್ಟು ಬಂದ ಆ ಹುಡುಗ ಬೇಕೆಂದರೂ ಅಂಗಳದ ಆಚೆ ಬದಿಗೆ ದಾಟಲು ಇದೇ ಸಾಲಿನಲ್ಲಿ ನಿಲ್ಲಬೇಕು.

ಕ್ಯಾಲ್ಕ್ಯುಲಸ್ ತರಗತಿಯಲ್ಲಿ ಹೈಸ್ಕೂಲಿನ ಮಕ್ಕಳು ಕೂರಬಹುದೇ ಎಂದು ಕೇಳಿದೆ. ಜಾಗ ಉಳಿದಿದ್ದರೆ, ಟೈಮ್‌ಟೇಬಲ್ ಹೊಂದಿದರೆ, ಎಂದು ಅಲ್ಲಿಯವರು ಸಮಾಧಾನದಿಂದಲೇ ಉತ್ತರಿಸಿದರು. ಕೆಲವರು ಕೂರುತ್ತಾರಂತೆ. ಆ ಜಾಗವನ್ನು ಉಳಿದರೆ ಎನ್ನದೆ ಮೊದಲೇ ಮೀಸಲಿಡಬೇಕು, ಎರಡೂ ಶಾಲೆಗಳ ಟೈಮ್‌ಟೇಬಲ್ಲನ್ನು ಒಂದೇ ಮೇಜಿನ ಮೇಲೆ ಹರಡಿ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳಿದೆ ಕೂಡ. ಅವರು ಬರೆದುಕೊಂಡರು.

ಅಷ್ಟರಲ್ಲಿ ತಂಗಿಯ ಮಗಳು ನನ್ನ ಕೈ ಜಗ್ಗಿದಳು. ‘ದೊಡ್ಡಮ್ಮ, ವಾಲಿಬಾಲ್ ಆಡಿದರೆ ಮನೆಗೆ ಹೋಗೋದು ಹೇಗೆ ಕೇಳು.’ ನೀನೇ ಕೇಳು ಎಂದೆ. ಕೇಳಿದಳು. 5 ಮೈಲಿಗಿಂತ ದೂರದವರಿಗೆ ಬಸ್ಸು ಇದೆ, ಆದರೆ ಅದು ಶಾಲೆ ಬಿಟ್ಟ ಕೂಡಲೇ ಹೊರಡುತ್ತದೆ. ಆಟಕ್ಕೆ, ಆರ್ಕೆಸ್ಟ್ರಾಕ್ಕೆ ನಿಲ್ಲುವವರಿಗೆ ಸಂಜೆ ಒಂದು ಲೇಟ್ ಬಸ್ಸು. ಅದಕ್ಕೆ ನಿಲ್ದಾಣಗಳು ಕಡಿಮೆ, ಶುಕ್ರವಾರ ಅದು ಇರುವುದಿಲ್ಲ. ಎರಡೂ ಶಾಲೆಗಳು ಸೇರಿ ಒಂದೇ ತಂಡವಾಗಿ ಫುಟ್‌ಬಾಲ್ ಆಡುವುದು ಶುಕ್ರವಾರ ರಾತ್ರಿ. ನನ್ನ ತಂಗಿ ಗೋಡೆಯ ನಕ್ಷೆಯ ಬಳಿ ಹೋಗಿ, ಲೇಟ್ ಬಸ್ಸಿನ ನಿಲ್ದಾಣಗಳಲ್ಲಿ ತಮ್ಮ ಮನೆಗೆ ಯಾವುದು ಹತ್ತಿರ, ಅಲ್ಲಿಂದ ಕರೆತರಲು ಯಾರಿಗೆ ಬಿಡುವಾಗುತ್ತದೆ ಎಂದು ಮಗಳ ಜೊತೆ ಲೆಕ್ಕ ಹಾಕತೊಡಗಿದಳು.