ಕುಂಡದೊಳಗಿನ ಮಣ್ಣು

ಮಗು ಡಬ್ಬಿಯಲ್ಲಿ ನೆಟ್ಟ ಮೆಣಸಿನ ಸಸಿ ೧೫ ದಿನಗಳಲ್ಲಿ ಹಳದಿಯಾಗಿ ಬಾಗಿದರೆ ‘ನಿನ್ನ ಕೈಗುಣ ಸರಿಯಿಲ್ಲ’ ಎಂದುಬಿಡುವುದುಂಟು. ಆಮೇಲೆ ಮಗು ಬೀಜ ಮುಟ್ಟುವುದೇ ಇಲ್ಲ. ಆದರೆ ಎಷ್ಟೋ ಸಲ ತಪ್ಪಿರುವುದು ಡಬ್ಬಿಗೆ ತುಂಬಿದ ಮಣ್ಣಿನಲ್ಲಿ.

ಮುಂಡಗೋಡ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನ ತಾಲ್ಲೂಕು. ಇಲ್ಲಿ ಹೆಚ್ಚಾಗಿ ಸಿಗುವುದು ಕೆಂಪು ಮಣ್ಣು. ಹುಬ್ಬಳ್ಳಿಯ ಕಡೆ ಹೋದರೆ ಎರೆಮಣ್ಣು. ಗದ್ದೆಯಲ್ಲಿ ಭತ್ತ, ಹೊಲದಲ್ಲಿ ಗೋವಿನಜೋಳ ಬೆಳೆಯುವ ಮಣ್ಣು ಕುಂಡದಲ್ಲಿ ಸೋಲುವುದೇಕೆ? ನೆಲದಲ್ಲಿ ಹೆಚ್ಚಾದ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತದೆ, ಎರೆಹುಳು ಗಾಳಿಗೆ ದಾರಿ ಕೊರೆಯುತ್ತದೆ. ಕುಂಡದಲ್ಲಿ ಆ ಅನುಕೂಲವಿಲ್ಲ. ನೀರು ತಳದಲ್ಲೇ ಉಳಿದು, ಉಸಿರಾಡಲು ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ತಳಕ್ಕೆ ಜಲ್ಲಿ ಹಾಕಿದರೂ ಪ್ರಯೋಜನವಿಲ್ಲ. ನುಣ್ಣನೆಯ ಮಣ್ಣು ಪೂರ್ತಿ ನೆನೆಯುವವರೆಗೆ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ.

ನಿಮ್ಮ ಮಣ್ಣು ಎಂಥದೆಂದು ಮನೆಯಲ್ಲೇ ನೋಡಬಹುದು. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನವಾದರೂ ಬೇಕು. ಮೇಲಿನ ಜೇಡಿಯ ಪದರ ದಪ್ಪವಿದ್ದಷ್ಟೂ ಮಣ್ಣನ್ನು ಸಡಿಲ ಮಾಡಬೇಕೆಂದು ತಿಳಿಯಿರಿ.

ಅದಕ್ಕೊಂದು ಸುಲಭ ಲೆಕ್ಕ: ಒಂದು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಕಳಿತ ಗೊಬ್ಬರ, ಒಂದು ಬುಟ್ಟಿ ದಪ್ಪ ಮರಳು. ಮರಳು ದುಬಾರಿಯಾದರೆ, ಭತ್ತದ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಬೂದಿಯಾಗಲು ಬಿಡದೆ ಕರಿಯಾಗುವಂತೆ ಸುಟ್ಟು ಬೆರೆಸಬಹುದು. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಹಸಿ ಸಗಣಿಯೂ ಬೇಡ. ಅದು ಕಳಿಯುವಾಗ ಹುಟ್ಟುವ ಬಿಸಿ, ಅಮೋನಿಯಾ ಎಳೆ ಬೇರನ್ನು ಸುಡುತ್ತವೆ. ಚೆನ್ನಾಗಿ ಕಳಿತ ಗೊಬ್ಬರ ನಾರುವುದಿಲ್ಲ. ಮೊದಲ ಮಳೆಗೆ ನೆನೆದ ನೆಲದಂತೆ ಘಮ್ಮೆನ್ನುತ್ತದೆ. ಕಾಡು ಹತ್ತಿರವಿದೆಯೆಂದು ಅಲ್ಲಿನ ಮೇಲ್ಮಣ್ಣು ಕೆರೆದು ತರಬಾರದು. ಅಂಗಳದ ತರಗೆಲೆ ಕೊಳೆಸಿಕೊಂಡರೆ ಸಾಕು.

ಬೀಜ ಹಾಕುವ ಮುನ್ನ ಕುಂಡಕ್ಕೆ ಒಂದು ಚೊಂಬು ನೀರು ಹುಯ್ಯಿರಿ. ಕೆಲವೇ ನಿಮಿಷಗಳಲ್ಲಿ ತಳದ ತೂತಿನಿಂದ ತೊಟ್ಟಿಕ್ಕಬೇಕು. ಮೇಲೆಯೇ ನಿಂತರೆ ಮಣ್ಣು ಸುರಿದು, ಹೊಟ್ಟು ಹೆಚ್ಚಿಸಿ ಮತ್ತೆ ಕಲಸಿ. ಸೊಪ್ಪಿಗೆ ೬ ಅಂಗುಲ ಆಳ ಸಾಕು. ಮೆಣಸು, ಬದನೆ, ಟೊಮೆಟೊಗೆ ಒಂದು ಅಡಿ ಬೇಕು. ಮಳೆಗಾಲದಲ್ಲಿ ಸೂರಿನ ನೀರು ಬೀಳುವ ಜಾಗದಲ್ಲಿ ಕುಂಡ ಇಡಬೇಡಿ.

ಪಾಲಕರಲ್ಲಿ ಒಂದು ಮಾತು: ಸಸಿ ಬಾಡಿದರೆ ಮಗುವಿನ ಕೈಗುಣ ಹಳಿಯುವ ಮೊದಲು, ಅದೇ ಕೈಯಿಂದ ಕುಂಡದ ಮಣ್ಣು ಕೆದಕಿಸಿ ನೋಡಿ.