ಎಂಟು ಚುಕ್ಕಿಯ ಮಂಡಗದ್ದೆ

ಶಿವಮೊಗ್ಗ–ತೀರ್ಥಹಳ್ಳಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದಾದ ಪಕ್ಷಿಧಾಮ ಮಂಡಗದ್ದೆಯದು. ರಸ್ತೆಯ ಪಕ್ಕಕ್ಕೇ ತುಂಗೆ, ಹೊಳೆಯ ನಡುವೆ 1.14 ಎಕರೆಯ ನಡುಗಡ್ಡೆ. ಮಳೆಗಾಲದಲ್ಲಿ ನೀರೇರಿ ನೆಲ ಮುಳುಗಿ ಮರಗಳ ತಲೆಯಷ್ಟೇ ಉಳಿದಾಗ ಅವುಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ ಶುರು.

ಇಸ್ರೋ 2011ರಲ್ಲಿ ಹೊರತಂದ ರಾಷ್ಟ್ರೀಯ ಜೌಗುಭೂಮಿ ಅಟ್ಲಾಸಿಗೆ ಬಳಸಿದ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 23.5 ಮೀಟರಿನ ಚೌಕ. ಲೆಕ್ಕ ಹಾಕಿದರೆ ಈ ನಡುಗಡ್ಡೆಗೆ ಸಿಗುವುದು ಎಂಟೇ ಚುಕ್ಕಿ. 2.25 ಹೆಕ್ಟೇರಿಗಿಂತ ಸಣ್ಣ ಜೌಗುಗಳಿಗಂತೂ ಆ ಅಟ್ಲಾಸಿನಲ್ಲಿ ಆಕಾರವೇ ಇಲ್ಲ, ಬರೀ ಬೊಟ್ಟು.

ಯುರೋಪಿನ ಸೆಂಟಿನೆಲ್-2 ಈಗ 10 ಮೀಟರಿನ ಚೌಕಕ್ಕೆ ಇಳಿದಿದೆ. ಇನ್‌ಫ್ರಾರೆಡ್ ಬೆಳಕನ್ನು ಎಲೆ ವಾಪಸು ಕಳಿಸುತ್ತದೆ, ನೀರು ನುಂಗುತ್ತದೆ. ಹಾಗಾಗಿ ಕೆರೆಯ ಅಂಚು ಸುಲಭವಾಗಿ ಗೊತ್ತಾಗುತ್ತದೆ. ಆದರೆ ಹಕ್ಕಿ ಗೂಡು ಕಟ್ಟುವ ಆಷಾಢದಲ್ಲಿ ಮಲೆನಾಡಿನ ಮೇಲೆ ಕಾಣುವುದು ಮೋಡ ಮಾತ್ರ! ಇಲ್ಲಿ ರಾಡಾರೇ ಗತಿ. ಅದರ ಅಲೆಗೆ ಮೋಡ ಅಡ್ಡಿಯಲ್ಲ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಅತ್ತ ಹಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗುತ್ತದೆ. ನೀರಲ್ಲಿ ಮರ ನಿಂತಿದ್ದರೆ ಅಲೆ ನೀರಿಗೆ ತಾಗಿ, ಕಾಂಡಕ್ಕೆ ಬಡಿದು ಹಿಂದಿರುಗುತ್ತದೆ. ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಸಾಗರದ ನೆರೆಯ ಸೊರಬ ತಾಲ್ಲೂಕಿನ ಗುಡವಿಯಂಥ, ಮರಗಳಿರುವ ಕೆರೆಗೆ ಇದು ಹೇಳಿ ಮಾಡಿಸಿದ ವಿಧಾನ. 2025ರ ಜುಲೈ 30ರಂದು ಹಾರಿದ ನಾಸಾ–ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಉದ್ದನೆಯ ಅಲೆಗಳು ಎಲೆಗಳ ನಡುವೆ ಇನ್ನಷ್ಟು ಕೆಳಗಿಳಿಯಬಲ್ಲವು. ಉಪಗ್ರಹ ಅದೇ ಜಾಗಕ್ಕೆ 12 ದಿನಕ್ಕೊಮ್ಮೆ ಮರಳಿ ಬರುತ್ತದೆ.

ಇಷ್ಟಾದರೂ ನಕ್ಷೆಯ ನೀಲಿಯೆಲ್ಲ ಹಕ್ಕಿಯದಲ್ಲ. ಸಾಗರ, ಹೊಸನಗರದ ನಕ್ಷೆ ಬಿಡಿಸಿದರೆ ಕಣ್ಣಿಗೆ ಬೀಳುವುದು 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ನೀರುಕಾಗೆ ಮುಳುಗಿ ಮೀನು ಹಿಡಿದೀತು. ನಿಂತು ಬೇಟೆಯಾಡುವ ಬೆಳ್ಳಕ್ಕಿಗೆ ಕಾಲು ಮುಳುಗುವಷ್ಟು ನೀರಿರುವ ಅಂಚು ಬಿಟ್ಟರೆ ಉಳಿದದ್ದರಿಂದ ಉಪಯೋಗವಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದು ಮಡೇನೂರಿನ ಹಳೇ ಅಣೆಕಟ್ಟೆ ತಲೆಯೆತ್ತುವ ಹೊತ್ತಿಗೆ ಆ ಅಂಚು ಎಲ್ಲಿಗೋ ಸರಿದಿರುತ್ತದೆ. ವಿಸ್ತೀರ್ಣದ ಜೊತೆಗೆ ಆಳವೂ ಬೇಕು, ತಿಂಗಳೂ ಬೇಕು. ಆಳಕ್ಕೆ ಇಂದಿಗೂ ದೋಣಿ, ಅಳತೆಗೋಲು ಹಿಡಿದವರೇ ಆಗಬೇಕು.

ಮರಿಗಳಿಗೆ ತುತ್ತು ತರುವ ಬೆಳ್ಳಕ್ಕಿ ಗದ್ದೆಗೂ ಇಳಿಯುತ್ತದೆ. 2017ರ ಜೌಗುಭೂಮಿ ನಿಯಮಗಳ ವ್ಯಾಖ್ಯೆಯಲ್ಲಿ ನದಿಪಾತ್ರವೂ ಇಲ್ಲ, ಭತ್ತದ ಗದ್ದೆಯೂ ಇಲ್ಲ. ಅಂದರೆ ಮಂಡಗದ್ದೆಯ ಹಕ್ಕಿಯ ಮನೆ, ಊಟ ಎರಡೂ ಅದರ ಹೊರಗೆ. ಕಾನೂನು ಬಿಟ್ಟರೂ ನಕ್ಷೆ ಬಿಡಬೇಕಿಲ್ಲ. ನಾಟಿಯ ಹೊತ್ತಿಗೆ ನೀರು ನಿಂತ ಗದ್ದೆ ರಾಡಾರಿನಲ್ಲಿ ಕಪ್ಪು, ಪೈರು ಎದ್ದಂತೆ ಬಿಳುಪು. ಭತ್ತದ ವಿಸ್ತೀರ್ಣ ಅಂದಾಜಿಸುವವರು ಈ ಬದಲಾವಣೆಯನ್ನು ಎಂದಿನಿಂದಲೋ ಬಳಸುತ್ತಿದ್ದಾರೆ. ಹಕ್ಕಿಯ ನಕ್ಷೆ ಬರೆಯುವವರು ಅದನ್ನೇ ಎರವಲು ತಂದರಾಯಿತು.